ಒಂಟಿಯಾಗಿ ಹೊರಟ ಹಡಗು

ಸುಳ್ಯ, ಕಡಬದ ಕಡೆ ಕಾಡಿನ ದಾರಿ ಉಂಟಲ್ಲ, ಅಲ್ಲಿ ಆನೆಯ ಭಯ. ಮಕ್ಕಳನ್ನು ಶಾಲೆಗೆ ಒಬ್ಬೊಬ್ಬರನ್ನೇ ಕಳಿಸುತ್ತೀರಾ? ಇಲ್ಲ. ನಾಲ್ಕು ಮಕ್ಕಳು ಒಟ್ಟಾಗಿ, ಜೊತೆಗೆ ಒಬ್ಬರು ದೊಡ್ಡವರು.

ಯುದ್ಧದ ಕಾಲದಲ್ಲಿ ಹಡಗುಗಳೂ ಹೀಗೇ ಹೋಗುತ್ತಿದ್ದವು. ಸಾಮಾನು ಸಾಗಿಸುವ ಹತ್ತಾರು ಹಡಗುಗಳು ಒಟ್ಟಿಗೆ. ಸುತ್ತ ಕಾವಲಿಗೆ ಯುದ್ಧದ ಹಡಗುಗಳು. ಇದಕ್ಕೆ ಕಾನ್ವಾಯ್ ಎಂದು ಹೆಸರು. ಎಲ್ಲಕ್ಕಿಂತ ನಿಧಾನದ ಹಡಗು ಹೇಗೆ ಹೋಗುತ್ತದೋ, ಉಳಿದವೂ ಹಾಗೇ ಹೋಗಬೇಕು.

ಆದರೆ ಕಾವಲಿನ ಹಡಗುಗಳು ಎಲ್ಲರಿಗೂ ಸಾಕಾಗುತ್ತಿರಲಿಲ್ಲ. ನಮ್ಮ ಪಶ್ಚಿಮದ ಸಮುದ್ರದಲ್ಲಿ ಎಷ್ಟೋ ಹಡಗುಗಳು ಒಂಟಿಯಾಗಿಯೇ ಹೊರಟವು. ಅಂಥದ್ದರಲ್ಲಿ ಒಂದು ತಿಲಾವಾ.

ಅದು ಎರಡನೇ ಮಹಾಯುದ್ಧದ ಕಾಲ. 1942ರಲ್ಲಿ ಜಪಾನಿನವರು ಬರ್ಮಾ ಹಿಡಿದಿದ್ದರು. ಅಲ್ಲಿಂದ ಭಾರತಕ್ಕೆ ಬರುತ್ತಿದ್ದ ಅಕ್ಕಿ ನಿಂತುಹೋಗಿತ್ತು. ಆ ವರ್ಷ ನವೆಂಬರ್ 20ರಂದು ತಿಲಾವಾ ಬೊಂಬಾಯಿ ಬಿಟ್ಟಿತು. ಆಫ್ರಿಕಾದ ಮೊಂಬಾಸಾ, ಡರ್ಬನ್ ಕಡೆಗೆ ಪಯಣ. ಹಡಗಿನಲ್ಲಿ ಇದ್ದವರು 958 ಜನ. ಪ್ರಯಾಣಿಕರೇ 732. ಹೆಂಗಸರು, ಮಕ್ಕಳು ಎಲ್ಲ ಇದ್ದರು. ಹೆಚ್ಚಿನವರು ಭಾರತದವರು. ಆಫ್ರಿಕಾದಲ್ಲಿ ಅಂಗಡಿ, ಕೆಲಸ ಅಂತ ನೆಲೆ ಮಾಡಿಕೊಂಡ ಕುಟುಂಬಗಳು ಅವರಲ್ಲಿ ಬಹಳ. ಅಡಿಯಲ್ಲಿ 2,364 ಬೆಳ್ಳಿಯ ಗಟ್ಟಿ. ದಕ್ಷಿಣ ಆಫ್ರಿಕಾದ ಸರ್ಕಾರ ನಾಣ್ಯ ಮಾಡಲು ಕೊಂಡದ್ದು.

ನವೆಂಬರ್ 23. ನಡುರಾತ್ರಿ ಕಳೆದಿತ್ತು, ಜನ ನಿದ್ದೆಯಲ್ಲಿದ್ದರು. ಜಪಾನಿನ ಜಲಾಂತರ್ಗಾಮಿ, ಅಂದರೆ ನೀರಿನ ಅಡಿಯಲ್ಲಿ ಸಾಗುವ ಹಡಗು, ತಿಲಾವಾಕ್ಕೆ ಟಾರ್ಪಿಡೊ ಹೊಡೆಯಿತು. ಟಾರ್ಪಿಡೊ ಅಂದರೆ ನೀರಿನೊಳಗೇ ಓಡಿ ಬಂದು ಸಿಡಿಯುವ ಬಾಂಬು. ಜನ ದೋಣಿಗಳಿಗೆ ನುಗ್ಗಿದರು. ಕತ್ತಲಲ್ಲಿ ಯಾರ ಕೈ ಯಾರಿಗೆ ಸಿಗಬೇಕು!

ಹಡಗು ಕೂಡಲೇ ಮುಳುಗಲಿಲ್ಲ. ಇನ್ನು ಭಯವಿಲ್ಲ ಎಂದು ಕೆಲವರು ದೋಣಿಯಿಂದ ವಾಪಸು ಹತ್ತಿದರು. ಆಗ ಬಂತು ಎರಡನೇ ಟಾರ್ಪಿಡೊ. ಹಡಗು ಮುಳುಗಿತು. ಸಹಾಯಕ್ಕೆ ಸಂದೇಶ ಕಳಿಸುತ್ತಿದ್ದ ರೇಡಿಯೊ ಅಧಿಕಾರಿಯೂ ಅದರ ಜೊತೆಗೇ ಹೋದ.

ಉಳಿದವರು ಎರಡು ದಿನ ನಡುಸಮುದ್ರದಲ್ಲಿ, ದೋಣಿಗಳಲ್ಲಿ. ಸುತ್ತ ನೀರೇ ನೀರು, ಕುಡಿಯಲಿಕ್ಕೆ ಬರುವುದಿಲ್ಲ. ನವೆಂಬರ್ 25ರಂದು ಬರ್ಮಿಂಗ್‌ಹ್ಯಾಮ್ ಎಂಬ ಯುದ್ಧದ ಹಡಗು ಬಂದು 674 ಜನರನ್ನು ಮೇಲೆತ್ತಿತು. ಕಾರ್ತೇಜ್ ಎಂಬ ಇನ್ನೊಂದು ಹಡಗಿಗೆ 4 ಜನ ಸಿಕ್ಕಿದರು. 27ರಂದು ಅವರು ಬೊಂಬಾಯಿಗೆ ಮರಳಿದರು.

ಈಗ ಲೆಕ್ಕ ಮಾಡಿ. 674 ಮತ್ತು 4 ಕೂಡಿಸಿ. ಬಂದದ್ದನ್ನು 958ರಿಂದ ಕಳೆಯಿರಿ. 280 ಬಂತೇ? ಅಷ್ಟು ಜನ ಸತ್ತರು.

ಬೆಳ್ಳಿ ಎಂತಾಯಿತು ಅಂತ ಕೇಳುತ್ತೀರಿ. 75 ವರ್ಷ ಸಮುದ್ರದ ತಳದಲ್ಲಿ ಬಿದ್ದಿತ್ತು. 2017ರಲ್ಲಿ ಒಂದು ಕಂಪೆನಿ ಯಂತ್ರ ಇಳಿಸಿ ಮೇಲೆ ತಂದಿತು. ತೆಗೆದ ಕೂಲಿ ಯಾರು ಕೊಡಬೇಕು ಎಂದು ಇಂಗ್ಲೆಂಡಿನಲ್ಲಿ ದೊಡ್ಡ ಕೇಸು ನಡೆಯಿತು. 2024ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ದಕ್ಷಿಣ ಆಫ್ರಿಕಾದ ಪರವಾಗಿ ತೀರ್ಪು ಕೊಟ್ಟಿತು. ಬೆಳ್ಳಿಗೆ ಕೇಳುವವರು ಇದ್ದರು ನೋಡಿ.

ಸತ್ತವರ ಮನೆಯವರು ಒಟ್ಟು ಸೇರಿ ನೆನಪು ಮಾಡಿದ್ದು 2022ರ ನವೆಂಬರ್ 23ರಂದು, ಮುಂಬಯಿಯಲ್ಲಿ. ಅಷ್ಟೊತ್ತಿಗೆ 80 ವರ್ಷ ಕಳೆದಿತ್ತು. ಅಂದು ದೋಣಿಯಲ್ಲಿ ಪಾರಾದ ಚಿಕ್ಕ ಮಕ್ಕಳು ಮುದುಕರಾಗಿದ್ದರು.