ಕುಪ್ಪಸದ ಕಾಸು ಹೇಳುವ ಕಾಲ: ‘ಆಧಾರಗಳು’ ಪಾಠಕ್ಕೊಂದು ಚಟುವಟಿಕೆ

ಗುಡೇಕೋಟೆಯಲ್ಲಿ ಬೋಧನಾಭ್ಯಾಸದ ವೇಳೆ ಎಂಟನೆಯ ತರಗತಿಯ ‘ಆಧಾರಗಳು’ ಪಾಠ ನನ್ನ ಪಾಲಿಗೆ ಬಂತು. ಶಾಸನ, ನಾಣ್ಯ, ಸ್ಮಾರಕ ಎಂದು ಪಟ್ಟಿ ಬರೆಸಿದರೆ ಹತ್ತು ನಿಮಿಷದ ಕೆಲಸ. ಊರಿನ ಕೋಟೆ ಕಣ್ಣೆದುರೇ ಇದೆ, ಆದರೆ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಲಾಗದು. ಹಾಗಾಗಿ ಲಂಬಾಣಿ ಕಸೂತಿಯನ್ನು ಆಯ್ದುಕೊಂಡೆ. ತಾಂಡಾದ ವಿದ್ಯಾರ್ಥಿನಿಯೊಬ್ಬಳು ಅಜ್ಜಿಯ ಕುಪ್ಪಸ ತಂದಳು. ಪಾತ್ರೆ ಕೊಟ್ಟು ಹಳೆ ಬಟ್ಟೆ ಒಯ್ಯುವವನಿಗೆ ಅದನ್ನು ಕೊಡುವ ಮಾತು ಮನೆಯಲ್ಲಿ ನಡೆದಿತ್ತಂತೆ.

“ಇದು ಯಾವ ಕಾಲದ್ದು?” ಎಂದೆ. “ನೂರು ವರ್ಷದ್ದು ಸಾರ್” ಎಂಬ ಉತ್ತರ ಬಂತು. ಅಂಚಿನಲ್ಲಿ ಕನ್ನಡಿ, ಕವಡೆಗಳ ನಡುವೆ 1944ರ ತೂತು ಕಾಸು, 1961ರ ಒಂದು ನಯಾಪೈಸೆ ಇದ್ದವು. ತೂತು ಕಾಸನ್ನು ಟಂಕಿಸಿದ್ದು 1943ರಿಂದ 1947ರವರೆಗೆ. ದಶಮಾನ ನಾಣ್ಯ ಬಂದದ್ದು 1957ರಲ್ಲಿ, ‘ನಯಾ’ ಪದ ಬಿಟ್ಟದ್ದು 1964ರಲ್ಲಿ. ಅರ್ಧ ತರಗತಿ 1944 ಎಂದಿತು. ಆದರೆ ಹಳೆಯ ಕಾಸು ತಾಯಿಯ ಕುಪ್ಪಸದಿಂದ ಬಿಚ್ಚಿ ತಂದದ್ದಿರಬಹುದು. ತೀರ್ಮಾನ ಹೇಳುವುದು ಎಲ್ಲಕ್ಕಿಂತ ಹೊಸ ಕಾಸು: ಟಂಕಿಸುವ ಮೊದಲು ಅದನ್ನು ಹೊಲಿಯಲಾಗದು, ನಂತರ ಯಾವಾಗ ಬೇಕಾದರೂ ಹೊಲಿಯಬಹುದು.

“ಆ ಕಾಸನ್ನೇ ಆಮೇಲೆ ಹೊಲಿದಿದ್ದರೆ?” ಎಂದು ಹಿಂದಿನ ಬೆಂಚಿನ ಹುಡುಗ ಕೇಳಿದ. ನನ್ನ ಪಾಠಯೋಜನೆಯ ಯಾವ ಪ್ರಶ್ನೆಗಿಂತಲೂ ಇದು ಮೇಲು. ಕುಪ್ಪಸವನ್ನು ಒಳಮಗ್ಗುಲಾಗಿ ತಿರುಗಿಸಿದೆವು. ನಯಾಪೈಸೆ ಹಿಡಿದಿದ್ದ ದಾರ ಎಲ್ಲೂ ಕಡಿಯದೆ ಪಕ್ಕದ ಕವಡೆಗಳಿಗೂ ಸಾಗಿತ್ತು. ಅಂದರೆ ಅಂಚಿನ ಕೆಲಸ 1961ಕ್ಕಿಂತ ಹಿಂದಿನದಲ್ಲ. ಭುಜದ ಬಳಿ ಹೊಳೆಯುವ ಬೇರೆ ದಾರವಿತ್ತು. ಉದುರಿದ್ದ ಒಂದು ಎಳೆಗೆ ಕಡ್ಡಿ ಗೀರಿದೆ. ಕರಗಿ ಗಟ್ಟಿ ಮಣಿಯಾಯಿತು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆದು ಬೂದಿ. ಅಲ್ಲಿಗೆ ಅದು ಕೃತಕ ದಾರದ ದುರಸ್ತಿ. ತೋಳಿನ ಲೇಸ್ ಯಂತ್ರದ್ದೇ: ಹೂವುಗಳ ಅಳತೆ ಒಂದಿಷ್ಟೂ ಬದಲಾಗುವುದಿಲ್ಲ. ಕೈಕೆಲಸದ ಹಿಂಬದಿಯಲ್ಲಿ ಗಂಟು, ದಾರ ಜಿಗಿದ ಜಾಗ ಕಾಣುತ್ತವೆ.

ಹೊಲಿಗೆಯ ಮಾದರಿಯೊಂದನ್ನೇ ನಂಬಿ ಕಾಲ ಹೇಳಬಾರದು. ಸಂಡೂರು ಕುಶಲ ಕಲಾ ಕೇಂದ್ರದಲ್ಲಿ ಲಂಬಾಣಿ ಮಹಿಳೆಯರು ಇಂದಿಗೂ ಆ ಹೊಲಿಗೆಗಳನ್ನು ಹಾಕುತ್ತಾರೆ.

ಈ ಚಟುವಟಿಕೆ ಮಾಡುವವರಿಗೆ ಎರಡು ಮಾತು. ಇಸವಿ ಕಾಣದಿದ್ದರೆ ಮಕ್ಕಳು ಹುಣಸೆಹಣ್ಣು ಹಚ್ಚಿ ತಿಕ್ಕಲು ಮುಂದಾಗುತ್ತಾರೆ, ತಡೆಯಿರಿ. ಕಾಸಿನ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಅಂಕಿ ಮೂಡುತ್ತದೆ. ಬೆಂಕಿಯ ಪರೀಕ್ಷೆ ಶಿಕ್ಷಕರೇ ಮಾಡಲಿ, ಅದೂ ಉದುರಿದ ಎಳೆಯಲ್ಲಿ ಮಾತ್ರ.

ಮರುದಿನ ಹುಡುಗಿ ಅಜ್ಜಿಯ ಮಾತು ಬರೆದು ತಂದಳು: ಮದುವೆಗೆ ಮುಂಚೆ ತಾನೇ ಹೊಲಿದದ್ದು, ತೂತು ಕಾಸು ಅವ್ವನದು, ತೋಳು ಹರಿದಾಗ ಸೊಸೆ ಲೇಸ್ ಹಚ್ಚಿದಳು. ಕಪ್ಪುಹಲಗೆಯ ಮೇಲೆ ‘ಆಧಾರಗಳು’ ಎಂಬುದರ ಕೆಳಗೆ ಕಾಸು, ದಾರ ಎಂದಿತ್ತು. ಅವಳೇ ಬಂದು ‘ನಮ್ಮಜ್ಜಿ’ ಎಂದು ಸೇರಿಸಿದಳು.