ಹಂಪಿಯ ಕನ್ನಡ ವಿಶ್ವವಿದ್ಯಾಲಯ: ಅಲ್ಲಿ ಏನು ಓದುತ್ತಾರೆ?



ಈ ಸಲದ ಗೋಡೆ ಪತ್ರಿಕೆಗೆ ಪ್ರವಾಸದ ಬಗ್ಗೆ ಬರೆಯಿರಿ ಎಂದು ಕನ್ನಡ ಮೇಷ್ಟ್ರು ಹೇಳಿದರು. ವಿರೂಪಾಕ್ಷ ದೇವಸ್ಥಾನ, ಕಲ್ಲಿನ ರಥ, ಉಗ್ರನರಸಿಂಹ, ಇವುಗಳ ಬಗ್ಗೆ ಉಳಿದವರು ಚೆನ್ನಾಗಿ ಬರೆದಿದ್ದಾರೆ. ಅದೇ ಪ್ರವಾಸದಲ್ಲಿ ನಾವು ನೋಡಿದ ಇನ್ನೊಂದು ಜಾಗದ ಬಗ್ಗೆ ಯಾರೂ ಬರೆದಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಹಂಪಿ ನೋಡಿ ವಾಪಸ್ ಬರುವಾಗ ಮೇಷ್ಟ್ರು ಕಮಲಾಪುರದ ಹತ್ತಿರ ಬಸ್ಸನ್ನು ಒಂದು ದೊಡ್ಡ ಆವರಣದೊಳಕ್ಕೆ ತಿರುಗಿಸಲು ಹೇಳಿದರು. ಸುತ್ತ ಬಂಡೆಗುಡ್ಡ, ಗಿಡಮರ, ನಡುವೆ ಕಟ್ಟಡಗಳು. ನಮ್ಮಲ್ಲೊಬ್ಬರು ಕೇಳಿದರು: "ಸಾರ್, ಇಲ್ಲಿ ಎಷ್ಟನೇ ಕ್ಲಾಸಿನ ತನಕ ಐತಿ?" ಬಸ್ಸಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಮೇಷ್ಟ್ರು ಮಾತ್ರ ನಗಲಿಲ್ಲ. "ನಗಬ್ಯಾಡ್ರಿ. ಕೇಳಿದ್ದು ಸರಿಯಾಗೇ ಐತಿ. ಉತ್ತರ ಗೊತ್ತಿದ್ದವರು ಕೈ ಎತ್ರಿ" ಅಂದರು. ಒಂದು ಕೈಯೂ ಮೇಲೆ ಬರಲಿಲ್ಲ.

ಆ ಪ್ರಶ್ನೆ ಕೇಳಿದ್ದು ನಾನೇ. ಈಗ ಉತ್ತರವನ್ನೂ ನಾನೇ ಬರೆಯುತ್ತೇನೆ.

1. ಸಂಶೋಧನಾ ವಿಶ್ವವಿದ್ಯಾಲಯ ಎಂದರೇನು?

ಶಾಲೆಯಲ್ಲಿ ನಾವು ಈಗಾಗಲೇ ಗೊತ್ತಿರುವ ಸಂಗತಿಗಳನ್ನು ಕಲಿಯುತ್ತೇವೆ. ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ, ವಿಜಯನಗರ ಯಾವಾಗ ಸ್ಥಾಪನೆಯಾಯಿತು, ಇವೆಲ್ಲ ಯಾರೋ ಕಂಡುಹಿಡಿದು, ಪರೀಕ್ಷಿಸಿ, ಪುಸ್ತಕದಲ್ಲಿ ಬರೆದಿಟ್ಟಿರುವುದು. ನಾವು ಓದಿ ಒಪ್ಪಿಸುತ್ತೇವೆ. ಕಾಲೇಜಿನಲ್ಲೂ ಬಹುಪಾಲು ಹೀಗೆಯೇ, ಆದರೆ ಹೆಚ್ಚು ಆಳವಾಗಿ.

ಹಾಗಾದರೆ ಪುಸ್ತಕದಲ್ಲಿ ಇಲ್ಲದ್ದನ್ನು ಪುಸ್ತಕಕ್ಕೆ ತರುವವರು ಯಾರು? ಅದೇ ಸಂಶೋಧನೆಯ ಕೆಲಸ. ಪಾಠ ಹೇಳುವುದು ತುಂಬಿದ ಕೊಡದಿಂದ ನೀರು ಹಂಚಿದ ಹಾಗೆ. ಸಂಶೋಧನೆ ಮಾಡುವುದು ಹೊಸ ಬಾವಿ ತೋಡಿದ ಹಾಗೆ. ತೋಡಿದ ಕಡೆಯಲ್ಲೆಲ್ಲ ನೀರು ಸಿಗುವುದಿಲ್ಲ. ಆದರೂ ಯಾರಾದರೂ ತೋಡುತ್ತಲೇ ಇರಬೇಕು, ಇಲ್ಲದಿದ್ದರೆ ಕೊಡ ಬರಿದಾಗುತ್ತದೆ. ಇಂಥ ಬಾವಿ ತೋಡುವ ಕೆಲಸವನ್ನೇ ಮುಖ್ಯವಾಗಿ ಮಾಡುವ ಜಾಗಕ್ಕೆ ಸಂಶೋಧನಾ ವಿಶ್ವವಿದ್ಯಾಲಯ ಎನ್ನುತ್ತಾರೆ.

2. ಇದು ಹುಟ್ಟಿದ್ದು ಹೇಗೆ?

ನಮ್ಮ ರಾಜ್ಯದ ಮೊದಲ ವಿಶ್ವವಿದ್ಯಾಲಯ 1916ರಲ್ಲಿ ಮೈಸೂರಿನಲ್ಲಿ ಆರಂಭವಾಯಿತು. ಆಮೇಲೆ 1949ರಲ್ಲಿ ಧಾರವಾಡ, 1964ರಲ್ಲಿ ಬೆಂಗಳೂರು, 1980ರಲ್ಲಿ ಮಂಗಳೂರು ಮತ್ತು ಗುಲ್ಬರ್ಗಾ ವಿಶ್ವವಿದ್ಯಾಲಯಗಳು ಬಂದವು. ಇವೆಲ್ಲ ಅನೇಕ ವಿಷಯಗಳನ್ನು ಕಲಿಸಿ ಪದವಿ ಕೊಡುವ ವಿಶ್ವವಿದ್ಯಾಲಯಗಳು. ಕನ್ನಡ ಭಾಷೆ, ಕನ್ನಡ ಜನ, ಕನ್ನಡ ನಾಡು, ಇವುಗಳ ಅಧ್ಯಯನಕ್ಕೆಂದೇ ಒಂದು ವಿಶ್ವವಿದ್ಯಾಲಯ ಇರಲಿಲ್ಲ. ಪಕ್ಕದ ತಮಿಳುನಾಡಿನ ತಂಜಾವೂರಿನಲ್ಲಿ 1981ರಲ್ಲಿ ತಮಿಳು ವಿಶ್ವವಿದ್ಯಾಲಯ, ಹೈದರಾಬಾದಿನಲ್ಲಿ 1985ರಲ್ಲಿ ತೆಲುಗು ವಿಶ್ವವಿದ್ಯಾಲಯ ಆಗಿದ್ದವು. ಕರ್ನಾಟಕ ಸರ್ಕಾರ 1991ರಲ್ಲಿ ಕನ್ನಡ ವಿಶ್ವವಿದ್ಯಾಲಯವನ್ನು ಸ್ಥಾಪಿಸಿತು.

ಅದರ ಮೊದಲ ಕುಲಪತಿ ಡಾ. ಚಂದ್ರಶೇಖರ ಕಂಬಾರ. ಅವರು ಬೆಳಗಾವಿ ಜಿಲ್ಲೆಯ ಘೋಡಗೇರಿ ಎಂಬ ಹಳ್ಳಿಯವರು. ಕಂಬಾರ ಎಂದರೆ ಕಮ್ಮಾರ, ಕಬ್ಬಿಣದ ಕೆಲಸ ಮಾಡುವವರು. ಅಂಥ ಮನೆತನದಿಂದ ಬಂದ ಹುಡುಗ ಮುಂದೆ ಕವಿಯಾಗಿ, ನಾಟಕಕಾರರಾಗಿ, ಒಂದು ವಿಶ್ವವಿದ್ಯಾಲಯವನ್ನೇ ಕಟ್ಟುವ ಜವಾಬ್ದಾರಿ ಹೊತ್ತರು. 2010ನೇ ಸಾಲಿನ ಜ್ಞಾನಪೀಠ ಪ್ರಶಸ್ತಿಯೂ ಅವರಿಗೆ ಬಂದಿತು.

ನಾವು ಬಸ್ಸಿನಲ್ಲಿ ಹೋದ ಆವರಣದ ಹೆಸರು ವಿದ್ಯಾರಣ್ಯ. ಮೊದಲು ಇದು ಬಳ್ಳಾರಿ ಜಿಲ್ಲೆಯಲ್ಲಿತ್ತು. 2021ರಿಂದ ಹೊಸದಾದ ವಿಜಯನಗರ ಜಿಲ್ಲೆಯಲ್ಲಿದೆ. ಇಲ್ಲಿ ಸಾಹಿತ್ಯ, ಚರಿತ್ರೆ, ಜಾನಪದ, ಬುಡಕಟ್ಟು ಅಧ್ಯಯನ, ಹಸ್ತಪ್ರತಿ, ಮಹಿಳಾ ಅಧ್ಯಯನ, ಭಾಷಾಂತರ ಮುಂತಾದ ವಿಭಾಗಗಳಿವೆ. ಪಿಎಚ್.ಡಿ., ಡಿ.ಲಿಟ್. ಇಲ್ಲಿಯ ಮುಖ್ಯ ಪದವಿಗಳು. ಪಿಎಚ್.ಡಿ. ಮಾಡಬೇಕಾದರೆ ಕನಿಷ್ಠ ಮೂರು ವರ್ಷ ಒಂದೇ ವಿಷಯದ ಬೆನ್ನು ಹತ್ತಬೇಕು. ಪುಸ್ತಕಗಳನ್ನು ಅಚ್ಚು ಮಾಡಲು ಪ್ರಸಾರಾಂಗ ಎಂಬ ವಿಭಾಗವಿದೆ. ಪದವಿ ಕೊಡುವ ಸಮಾರಂಭವನ್ನು ಬೇರೆ ಕಡೆ ಘಟಿಕೋತ್ಸವ ಎನ್ನುತ್ತಾರೆ. ಇಲ್ಲಿ ಅದಕ್ಕೆ ನುಡಿಹಬ್ಬ ಎಂಬ ಚೆಂದದ ಹೆಸರಿದೆ.

ಆದ್ದರಿಂದ ನನ್ನ ಪ್ರಶ್ನೆಗೆ ಉತ್ತರ ಇಷ್ಟು: ನಮ್ಮ ಕ್ಲಾಸುಗಳೆಲ್ಲ ಮುಗಿದ ಮೇಲೆ ಅಲ್ಲಿಯ ಕೆಲಸ ಶುರುವಾಗುತ್ತದೆ.

3. ಪಟ್ಟಣ ಬಿಟ್ಟು ಇಲ್ಲಿ ಯಾಕೆ?

ದೊಡ್ಡ ಊರಿನಲ್ಲಿ ಮಾಡಿದ್ದರೆ ಬಸ್ಸು, ಆಸ್ಪತ್ರೆ, ಗ್ರಂಥಾಲಯ ಎಲ್ಲಾ ಹತ್ತಿರ ಇರುತ್ತಿತ್ತಲ್ಲ ಎಂದು ನಮ್ಮಪ್ಪ ಕೇಳಿದರು. ಮಾತು ನಿಜ. ಆದರೆ ಇನ್ನೊಂದು ಕಡೆಯಿಂದಲೂ ನೋಡಬೇಕು. ಕನ್ನಡದ ಬಗ್ಗೆ ಸಂಶೋಧನೆ ಮಾಡುವವರಿಗೆ ಬೇಕಾದ ಸಾಮಗ್ರಿ ಎಲ್ಲಿದೆ? ಬಹಳಷ್ಟು ಹಳ್ಳಿಗಳಲ್ಲೇ ಇದೆ.

ಒಂದು ಉದಾಹರಣೆ ಕೊಡುತ್ತೇನೆ. ಕನ್ನಡದ ಅತ್ಯಂತ ಹಳೆಯ ಶಾಸನಗಳಲ್ಲಿ ಒಂದು ಎಂದು ನಾವು ಪಾಠದಲ್ಲಿ ಓದುವ ಹಲ್ಮಿಡಿ ಶಾಸನ ಸಿಕ್ಕಿದ್ದು ಅರಮನೆಯಲ್ಲಲ್ಲ. ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಹಲ್ಮಿಡಿ ಎಂಬ ಸಣ್ಣ ಊರಿನಲ್ಲಿ. ಸುಮಾರು ಕ್ರಿ.ಶ. 450ರ ಕಲ್ಲು ಅದು. 1936ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರು ಅದನ್ನು ಪತ್ತೆ ಮಾಡಿದರು. ಅದಕ್ಕೆ ಮೊದಲೂ ಆ ಕಲ್ಲು ಇತ್ತು, ಅದರ ಮೇಲೆ ಅಕ್ಷರವೂ ಇತ್ತು. ಓದುವವರು ಬಂದಿರಲಿಲ್ಲ, ಅಷ್ಟೆ.

ಕನ್ನಡ ವಿಶ್ವವಿದ್ಯಾಲಯವೂ ಜಿಲ್ಲೆಗಳ ಶಾಸನಗಳನ್ನು ಸಂಗ್ರಹಿಸಿ ಶಾಸನ ಸಂಪುಟಗಳನ್ನು ಪ್ರಕಟಿಸಿದೆ. ಶಾಸನದ ಪ್ರತಿ ತೆಗೆಯುವ ಕ್ರಮ ತಿಳಿದುಕೊಳ್ಳುವಂತಿದೆ. ಮೊದಲು ಕಲ್ಲನ್ನು ನೀರಿನಿಂದ ಉಜ್ಜಿ ತೊಳೆಯುತ್ತಾರೆ. ಒದ್ದೆ ಮಾಡಿದ ಕಾಗದವನ್ನು ಅದರ ಮೇಲೆ ಹಾಸಿ ಬ್ರಶ್ಶಿನಿಂದ ಮೆಲ್ಲಗೆ ಬಡಿಯುತ್ತಾರೆ. ಆಗ ಕಾಗದ ಅಕ್ಷರದ ತಗ್ಗಿನೊಳಗೆ ಕೂರುತ್ತದೆ. ಕಾಗದ ಸ್ವಲ್ಪ ಆರಿದ ಮೇಲೆ ಕಪ್ಪು ಮಸಿಯನ್ನು ಬಟ್ಟೆಯ ಉಂಡೆಯಿಂದ ಒತ್ತುತ್ತಾರೆ. ಉಬ್ಬಿದ ಜಾಗವೆಲ್ಲ ಕಪ್ಪಾಗಿ, ತಗ್ಗಿನಲ್ಲಿರುವ ಅಕ್ಷರ ಮಾತ್ರ ಬೆಳ್ಳಗೆ ಉಳಿಯುತ್ತದೆ. ಕಲ್ಲನ್ನು ಅದರ ಜಾಗದಲ್ಲೇ ಬಿಟ್ಟು, ಕಾಗದವನ್ನು ತೆಗೆದುಕೊಂಡು ಹೋಗಿ ಕುಳಿತು ಓದಬಹುದು.

ನಮ್ಮೂರ ಹನುಮಪ್ಪನ ಗುಡಿ ಮುಂದೆಯೂ ಒಂದು ವೀರಗಲ್ಲು ಐತಿ. ಅದರ ಮೇಲೆ ನಾವು ಬಟ್ಟೆ ಒಣಗಿಸ್ತೀವಿ, ಹಬ್ಬ ಬಂದಾಗ ಸುಣ್ಣ ಬಳಿತೀವಿ. ಇದು ತಪ್ಪು ಅಂತ ನನಗೂ ಈಗಲೇ ಗೊತ್ತಾಗಿದ್ದು.

4. ಸಂಶೋಧನೆ ಮಾಡುವುದು ಹೇಗೆ?

ನಮ್ಮ ಮನೆಯ ಮಾತನ್ನೇ ತೆಗೆದುಕೊಳ್ಳೋಣ. "ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ" ಎಂಬ ಗಾದೆ ಎಲ್ಲರಿಗೂ ಗೊತ್ತು. ಗಾದೆ ಹೇಳುವುದು ತಿಳಿವಳಿಕೆ. ಅದನ್ನು ಹಿಡಿದುಕೊಂಡು ಹೀಗೆ ಮುಂದೆ ಹೋದರೆ ಸಂಶೋಧನೆ:

ಒಂದು, ಪ್ರಶ್ನೆ ಕೇಳಿಕೊಳ್ಳಬೇಕು. ಗಾದೆಯಲ್ಲಿರುವುದು ಯಾವ ಜೋಳ? ರೋಹಿಣಿ ಮಳೆ ಬರುವುದು ಮೇ ಕೊನೆಯಿಂದ ಜೂನ್ ಮೊದಲ ವಾರದವರೆಗೆ. ಹಾಗಾದರೆ ಇದು ಮುಂಗಾರಿ ಜೋಳದ ಮಾತು. ಎರೆಭೂಮಿಯಲ್ಲಿ ಹಿಂಗಾರಿ ಜೋಳ ಬಿತ್ತುವವರೂ ಈ ಗಾದೆ ಹೇಳುತ್ತಾರೆಯೇ?

ಎರಡು, ಊರೂರಿಗೆ ಹೋಗಿ ಕೇಳಬೇಕು. ಇದಕ್ಕೆ ಕ್ಷೇತ್ರಕಾರ್ಯ ಎನ್ನುತ್ತಾರೆ. ಯಾರು ಹೇಳಿದರು, ಯಾವ ಊರು, ಅವರ ವಯಸ್ಸೆಷ್ಟು, ಯಾವತ್ತು ಹೇಳಿದರು, ಎಲ್ಲಾ ಬರೆದುಕೊಳ್ಳಬೇಕು. ಅವರು ಹೇಗೆ ಹೇಳಿದರೋ ಹಾಗೇ ಬರೆಯಬೇಕು. ನಾವು ತಿದ್ದಬಾರದು.

ಮೂರು, ಹೋಲಿಸಿ ನೋಡಬೇಕು. ಹಳೆಯ ವರ್ಷಗಳ ಮಳೆಯ ಲೆಕ್ಕ, ಬೆಳೆಯ ಲೆಕ್ಕ ಸಿಕ್ಕರೆ ಗಾದೆಯ ಪಕ್ಕದಲ್ಲಿ ಇಟ್ಟು ನೋಡಬೇಕು.

ನಾಲ್ಕು, ಸಿಕ್ಕಿದ್ದನ್ನು ಆಧಾರ ಸಮೇತ ಬರೆಯಬೇಕು. ಗಾದೆ ಸುಳ್ಳು ಎಂದು ಗೊತ್ತಾದರೆ ಅದನ್ನೂ ಬರೆಯಬೇಕು. ನಮಗೆ ಇಷ್ಟವಾದದ್ದನ್ನು ಮಾತ್ರ ಬರೆದರೆ ಅದು ಸಂಶೋಧನೆಯಲ್ಲ.

ಕೊನೆಗೆ, ಬರೆದದ್ದನ್ನು ಬೇರೆ ವಿದ್ವಾಂಸರು ಪರೀಕ್ಷೆ ಮಾಡುತ್ತಾರೆ. ಅವರ ಪ್ರಶ್ನೆಗಳಿಗೆ ಉತ್ತರ ಕೊಟ್ಟ ಮೇಲೆಯೇ ಪದವಿ.

5. ನಾಡೋಜ ಎಂದರೆ ಯಾರು?

ಈ ವಿಶ್ವವಿದ್ಯಾಲಯ ಕೊಡುವ ಗೌರವ ಪದವಿಯ ಹೆಸರು ನಾಡೋಜ. ಓಜ ಎಂದರೆ ಗುರು. ನಾಡು + ಓಜ = ನಾಡೋಜ, ಅಂದರೆ ನಾಡಿಗೇ ಗುರು. (ಇದು ಲೋಪಸಂಧಿ. ವ್ಯಾಕರಣದ ಪರೀಕ್ಷೆಗೆ ನೆನಪಿರಲಿ!) ಆದಿಕವಿ ಪಂಪನನ್ನು ನಾಡೋಜ ಪಂಪ ಎಂದೇ ಕರೆಯುತ್ತೇವೆ.

ಈ ಪದವಿ ಪಡೆದವರಲ್ಲಿ ಸಾಹಿತಿಗಳು, ವಿದ್ವಾಂಸರು ಇದ್ದಾರೆ. ಶಾಲೆಯ ಮೆಟ್ಟಿಲು ಹತ್ತದವರೂ ಇದ್ದಾರೆ. ಸಾಲುಮರದ ತಿಮ್ಮಕ್ಕನವರಿಗೆ 2010ರಲ್ಲಿ ನಾಡೋಜ ಪದವಿ ಸಿಕ್ಕಿತು. ಅವರು ಶಾಲೆ ಕಲಿತವರಲ್ಲ, ರಸ್ತೆ ಬದಿಯಲ್ಲಿ ಆಲದ ಮರ ನೆಟ್ಟು, ನೀರು ಹೊತ್ತು ಬೆಳೆಸಿದವರು. ಕಮಲಾಪುರದಿಂದ ಬಹಳ ದೂರವಿಲ್ಲದ ದರೋಜಿಯ ಈರಮ್ಮನವರೂ ನಾಡೋಜರು. ಬುರ್ರಕಥೆ ಹಾಡುತ್ತಿದ್ದ ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಎಷ್ಟೋ ರಾತ್ರಿ ಹಾಡಿದರೂ ಮುಗಿಯದಷ್ಟು ಕಥೆಗಳು ಅವರ ಬಾಯಲ್ಲಿದ್ದವು. 2014ರಲ್ಲಿ ಅವರು ತೀರಿಕೊಂಡರು.

ಇದನ್ನು ಓದಿದಾಗ ನನಗೆ ಒಂದು ವಿಷಯ ಹೊಳೆಯಿತು. ಓದು ಬರದವರು ಅಂದರೆ ಏನೂ ಗೊತ್ತಿಲ್ಲದವರು ಅಂತ ನಾವು ತಿಳಿದುಕೊಂಡಿದ್ದೇವೆ. ಒಂದು ವಿಶ್ವವಿದ್ಯಾಲಯವೇ ಅಂಥವರನ್ನು ಗುರು ಅಂತ ಕರೆದು ಗೌರವ ಕೊಟ್ಟಿದೆ.

6. ಖರ್ಚು ಯಾರದು?

ಇದು ಸರ್ಕಾರಿ ವಿಶ್ವವಿದ್ಯಾಲಯ. ಅಂದರೆ ಜನರ ತೆರಿಗೆಯ ದುಡ್ಡಿನಿಂದ ನಡೆಯುವಂಥದ್ದು. ನಾವು ಒಂದು ಸೋಪು ಕೊಂಡರೂ ಅದರಲ್ಲಿ ತೆರಿಗೆ ಇರುತ್ತದೆ. ಹಾಗಾಗಿ ನಮ್ಮ ಮನೆಯ ದುಡ್ಡೂ ಅಲ್ಲಿ ಸ್ವಲ್ಪ ಇದೆ.

ಆದರೆ ಕಷ್ಟವೂ ಇದೆ. ಇಲ್ಲಿ ಸಾವಿರಾರು ವಿದ್ಯಾರ್ಥಿಗಳ ಶುಲ್ಕ ಬರುವುದಿಲ್ಲ. ಶಾಸನ ಓದಿದರೆ, ಹಾಡು ಬರೆದುಕೊಂಡರೆ ತಕ್ಷಣ ಲಾಭವೂ ಬರುವುದಿಲ್ಲ. ಸರ್ಕಾರ ಕೈ ಹಿಡಿಯದಿದ್ದರೆ ಕೆಲಸ ನಿಲ್ಲುತ್ತದೆ. 2020ರ ನಂತರದ ವರ್ಷಗಳಲ್ಲಿ ಅನುದಾನ ಸಾಲದೆ ತೊಂದರೆಯಾದ ಸುದ್ದಿ, ಸಂಶೋಧನಾ ವಿದ್ಯಾರ್ಥಿಗಳು ಶಿಷ್ಯವೇತನಕ್ಕಾಗಿ ಹೋರಾಟ ಮಾಡಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಅಂಥವರಲ್ಲಿ ಬಹಳಷ್ಟು ಮಂದಿ ನಮ್ಮ ಹಾಗೆ ಹಳ್ಳಿಯಿಂದ, ಬಡತನದಿಂದ ಬಂದವರೇ. ಕಟ್ಟುವುದು ಒಂದು ಸಲದ ಕೆಲಸ, ನಡೆಸಿಕೊಂಡು ಹೋಗುವುದು ದಿನದಿನದ ಕೆಲಸ. ಇದು ನಮ್ಮೂರ ಕೆರೆಗೂ ಅನ್ವಯಿಸುತ್ತದೆ, ವಿಶ್ವವಿದ್ಯಾಲಯಕ್ಕೂ ಅನ್ವಯಿಸುತ್ತದೆ.

7. ನಮಗೂ ಅದಕ್ಕೂ ಏನು ಸಂಬಂಧ?

ಕಳೆದ ಶ್ರಾವಣದಲ್ಲಿ ನಮ್ಮ ಕೆಳಗಿನ ಓಣಿಯ ಅಜ್ಜಿ ತೀರಿಕೊಂಡಿದ್ದು ನಿಮಗೆಲ್ಲ ಗೊತ್ತು. ಊರಲ್ಲಿ ಯಾರದೇ ಮದುವೆಯಾಗಲಿ, ಸೋಬಾನೆ ಪದಕ್ಕೆ ಆ ಅಜ್ಜಿಯೇ ಮುಂದೆ. ಬೀಸುವ ಪದ, ತೊಟ್ಟಿಲ ಪದ ಎಲ್ಲಾ ಬರ್ತಿದ್ವು. ಮೊನ್ನೆ ನಮ್ಮ ಮಾವನ ಮದುವೆಯಲ್ಲಿ ಹೆಂಗಸರು ಒಂದು ಪದ ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದರು. ನಮ್ಮವ್ವ, "ಮುಂದಿಂದು ಅಜ್ಜಿಗೇ ಬರ್ತಿತ್ತವ್ವ, ನಮಗ ಬರಂಗಿಲ್ಲ" ಅಂದಳು. ಆಮೇಲೆ ಟೇಪಿನ ಹಾಡು ಹಾಕಿದರು.

ನಮ್ಮ ಮನೆಯಿಂದ ಆ ಅಜ್ಜಿಯ ಮನೆಗೆ ಹತ್ತು ಹೆಜ್ಜೆ. ನನ್ನ ಹತ್ತಿರ ನೋಟ್ ಪುಸ್ತಕವಿತ್ತು. ಅಪ್ಪನ ಮೊಬೈಲಿನಲ್ಲಿ ರೆಕಾರ್ಡ್ ಮಾಡಬಹುದಿತ್ತು. ಬರೆದುಕೊಳ್ಳಬೇಕು ಅಂತ ನನಗೆ ಹೊಳೆಯಲೇ ಇಲ್ಲ. ವಿಶ್ವವಿದ್ಯಾಲಯದವರು ಎಷ್ಟು ಊರಿಗೆ ಅಂತ ಬಂದಾರು? ಅವರು ಬರುವ ತನಕ ಊರಿನವರು ಕಾಯಬಾರದು.

ಆದ್ದರಿಂದ ಗೆಳೆಯ ಗೆಳತಿಯರೇ, ಒಂದು ಕೆಲಸ ಮಾಡೋಣ. ಪ್ರತಿಯೊಬ್ಬರೂ ನಿಮ್ಮ ಮನೆಯ ಅಜ್ಜ ಅಜ್ಜಿಯನ್ನು ಕೇಳಿ ಒಂದು ಪದ, ಒಂದು ಗಾದೆ ಅಥವಾ ಹತ್ತು ಶಬ್ದ ಬರೆದು ತನ್ನಿ. ನೇಗಿಲಿನ ಭಾಗಗಳೇ ಸಾಕು: ಮೇಣಿ, ಈಸು, ಕುಳ, ನೊಗ, ಮಿಣಿ. ಟ್ರ್ಯಾಕ್ಟರ್ ಬಂದ ಮೇಲೆ ನಮ್ಮ ಕ್ಲಾಸಿನಲ್ಲಿ ಈ ಐದರ ಅರ್ಥ ಗೊತ್ತಿದ್ದವರು ಇಬ್ಬರೇ. ಹೇಳಿದವರ ಹೆಸರು, ವಯಸ್ಸು, ತಾರೀಖು ಮರೆಯದೆ ಬರೆಯಿರಿ. ಅವರ ಒಪ್ಪಿಗೆ ಕೇಳಿರಿ. ಮುಂದಿನ ತಿಂಗಳ ಗೋಡೆ ಪತ್ರಿಕೆಯಲ್ಲಿ ಒಂದು ಹಾಳೆ ಇದಕ್ಕೇ ಬಿಡುತ್ತೇವೆ ಎಂದು ಮೇಷ್ಟ್ರು ಒಪ್ಪಿದ್ದಾರೆ.

ನಮ್ಮಲ್ಲಿ ಯಾರಾದರೂ ಮುಂದೆ ಆ ವಿದ್ಯಾರಣ್ಯಕ್ಕೆ ಓದಲು ಹೋಗಬಹುದು. ಆಗ ಬರಿಗೈಯಲ್ಲಿ ಹೋಗುವುದು ಬೇಡ.

ಅಭ್ಯಾಸಕ್ಕೆ ಪ್ರಶ್ನೆಗಳು

1. ಕನ್ನಡ ವಿಶ್ವವಿದ್ಯಾಲಯ ಯಾವ ವರ್ಷ ಸ್ಥಾಪನೆಯಾಯಿತು? ಮೊದಲ ಕುಲಪತಿ ಯಾರು?
2. ಶಾಸನದ ಪ್ರತಿಯಲ್ಲಿ ಅಕ್ಷರಗಳು ಬೆಳ್ಳಗೆ ಕಾಣುವುದು ಏಕೆ?
3. ಗಾದೆ ಹೇಳುವುದಕ್ಕೂ ಗಾದೆಯ ಬಗ್ಗೆ ಸಂಶೋಧನೆ ಮಾಡುವುದಕ್ಕೂ ಇರುವ ವ್ಯತ್ಯಾಸವೇನು?
4. ನಿಮ್ಮ ಓಣಿಯಲ್ಲಿ ನಾಡೋಜ ಎಂದು ಕರೆಯಬಹುದಾದವರು ಯಾರು? ಏಕೆ? (ಇದಕ್ಕೆ ಉತ್ತರವನ್ನು ಮನೆಯಲ್ಲಿ ಕೇಳಿ ಬರೆಯಿರಿ.)