ಹೆಸರಾಂತ ವಾದಕರ ಪೆಡಲ್ ಸ್ಟೀಲ್ ಗಿಟಾರ್: ದುರಸ್ತಿಗೆ ಕೈಹಚ್ಚುವವರಿಗೆ ಸೂಚನೆ

ಈ ಸೂಚನೆ ಇಬ್ಬರಿಗೆ ಅನ್ವಯಿಸುತ್ತದೆ: ಹೆಸರಾಂತ ವಾದಕರೊಬ್ಬರ ಕೈಯಲ್ಲಿದ್ದ ಹಳೆಯ ಪೆಡಲ್ ಸ್ಟೀಲನ್ನು ಕೊಂಡವರಿಗೆ, ಅದನ್ನು ಬಿಚ್ಚಲು ಒಪ್ಪಿಕೊಂಡ ಮೆಕ್ಯಾನಿಕ್‌ಗೆ. ಇಬ್ಬರೂ ಪೂರ್ತಿ ಓದತಕ್ಕದ್ದು. ಅರ್ಧ ಓದಿ ಕೆಲಸ ಶುರುಮಾಡುವವರು ವಾದ್ಯವನ್ನು ಮುಟ್ಟದಿರುವುದೇ ಲೇಸು.

ವಾದ್ಯವನ್ನು ನೋಡಿರದವರಿಗೆ ಎರಡು ಮಾತು. ಗೋಟುವಾದ್ಯದ ಹಾಗೆ ಇದಕ್ಕೂ ಮೆಟ್ಟಿಲಿನ ಮೇಲೆ ಬೆರಳೂರುವ ಕೆಲಸವಿಲ್ಲ. ಎಡಗೈಯಲ್ಲಿ ಉಕ್ಕಿನ ಬಾರ್ ಹಿಡಿದು ತಂತಿಗಳ ಮೇಲೆ ಜಾರಿಸುತ್ತಾರೆ. ವಾದ್ಯ ಮೇಜಿನಂತೆ ನಾಲ್ಕು ಕಾಲ ಮೇಲೆ ನಿಂತಿರುತ್ತದೆ. ಪಾದದ ಕೆಳಗಿನ ಪೆಡಲನ್ನೋ ಮೊಣಕಾಲ ಪಕ್ಕದ ಲಿವರನ್ನೋ ಒತ್ತಿದರೆ ಅಡಿಯಲ್ಲಿರುವ ಸರಳುಗಳು ಎಳೆದು, ಗೊತ್ತುಮಾಡಿದ ತಂತಿಯ ಶ್ರುತಿಯನ್ನಷ್ಟೇ ಏರಿಸುತ್ತವೆ ಇಲ್ಲವೇ ಇಳಿಸುತ್ತವೆ. ವೆಬ್ ಪಿಯರ್ಸ್ ಹಾಡಿದ, 1954ರಲ್ಲಿ ಮನೆಮಾತಾದ ‘ಸ್ಲೋಲಿ’ಯಲ್ಲಿ ಬಡ್ ಐಸಾಕ್ಸ್ ತಂತಿ ಇನ್ನೂ ನುಡಿಯುತ್ತಿರುವಾಗಲೇ ಪೆಡಲ್ ಒತ್ತಿ ಸ್ವರವನ್ನು ಬಾಗಿಸಿದರು. ಅದನ್ನು ಕೇಳಿದ ಸ್ಟೀಲ್ ವಾದಕರು ತಮ್ಮ ತಮ್ಮ ವಾದ್ಯಗಳಿಗೂ ಪೆಡಲ್ ಕಟ್ಟಿಕೊಳ್ಳಲು ಹೊರಟರು. ಅಂದರೆ ಕೊರೆಯುವುದು, ಜೋಡಿಸುವುದು, ಬದಲಿಸುವುದು ಈ ವಾದ್ಯದ ಹುಟ್ಟುಗುಣ. ಹೆಸರಾಂತ ವಾದಕ ತನಗೆ ಬೇಕಾದ ಹಾಗೆ ಮಾಡಿಸಿಕೊಂಡ ಬದಲಾವಣೆಯೇ ನಿಮ್ಮ ಕೈಯಲ್ಲಿರುವ ನಿಜವಾದ ಆಸ್ತಿ. ಕೆಳಗಿನ ನಿಯಮಗಳೆಲ್ಲ ಹುಟ್ಟಿದ್ದು ಅದರಿಂದ.

ಸ್ಕ್ರೂಡ್ರೈವರ್ ಹಿಡಿಯುವ ಮುನ್ನ

ಮೊದಲು ವಾದ್ಯ ಆ ಹೆಸರಾಂತ ವಾದಕರದೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಪಾಲ್ ಬಿಗ್ಸ್‌ಬಿ 1948ರಲ್ಲಿ ಸ್ಪೀಡಿ ವೆಸ್ಟ್‌ಗೆ ಮಾಡಿಕೊಟ್ಟ ವಾದ್ಯದ ಮುಂಭಾಗದಲ್ಲಿ ಒಡೆಯನ ಹೆಸರೇ ಇತ್ತು; ಅಂಥ ಭಾಗ್ಯ ಎಲ್ಲ ವಾದ್ಯಗಳಿಗಿಲ್ಲ. ಉಳಿದವಕ್ಕೆ ಮರದ ಮೈಯೇ ಸಾಕ್ಷಿ. ‘ಹಕ್ಕಿಗಣ್ಣು’ ಮೇಪಲ್‌ನ ಚುಕ್ಕಿಗಳು ಒಂದು ಹಲಗೆಯಲ್ಲಿದ್ದಂತೆ ಇನ್ನೊಂದರಲ್ಲಿರುವುದಿಲ್ಲ. ಹಳೆಯ ವೇದಿಕೆಯ ಚಿತ್ರ, ರೆಕಾರ್ಡಿನ ಹೊದಿಕೆ ಸಿಕ್ಕರೆ ಮುಂಪಟ್ಟಿಯ ಚುಕ್ಕಿ, ಗೆರೆ, ಪೆಟ್ಟಿನ ಗುರುತುಗಳನ್ನು ಒಂದೊಂದಾಗಿ ಹೋಲಿಸಿ ನೋಡಿ. ಈ ಕೆಲಸ ಮುಗಿಯುವ ತನಕ ಧೂಳನ್ನೂ ಒರೆಸಬೇಡಿ.

‘ಅವರದಾಗಿತ್ತು’ ಎನ್ನುವುದು ಒಂದು ಮಾತು, ‘ಆ ಹಾಡಿನಲ್ಲಿ ನುಡಿಸಿದ್ದು ಇದನ್ನೇ’ ಎನ್ನುವುದು ಬೇರೆಯೇ ಮಾತು. ದೊಡ್ಡ ವಾದಕರ ಕೈಯಿಂದ ಒಂದಕ್ಕಿಂತ ಹೆಚ್ಚು ವಾದ್ಯಗಳು ಹಾದುಹೋಗಿರುತ್ತವೆ. ದಾಖಲೆಯಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಬರೆಯಿರಿ. ಎರಡನೆಯದಕ್ಕೆ ಪುರಾವೆ ಇಲ್ಲದಿದ್ದರೆ ಆ ಜಾಗ ಖಾಲಿ ಇರಲಿ.

ಪೆಟ್ಟಿಗೆಯನ್ನು ಎಸೆಯಕೂಡದು. ಹರಿದ ಚೀಟಿ, ವಿಮಾನದ ಲಗೇಜ್ ತುಂಡು, ತಳದಲ್ಲಿ ಬಿದ್ದಿರುವ ಹಳೆಯ ತಂತಿ, ಬೆರಳಿಗೆ ಹಾಕುವ ಪಿಕ್ಕು, ಎಲ್ಲವನ್ನೂ ಇದ್ದಲ್ಲೇ ಫೋಟೊ ತೆಗೆದು ಬೇರೆ ಬೇರೆ ಚೀಲಕ್ಕೆ ಹಾಕಿ. ಸೆಲ್ಯುಲಾಯ್ಡ್ ಪಿಕ್ಕುಗಳನ್ನು ಮಾತ್ರ ಮುಚ್ಚಿದ ಡಬ್ಬಿಯಲ್ಲಿ ಲೋಹದ ಜೊತೆಗಿಡಬೇಡಿ. ಹಳೆಯ ಸೆಲ್ಯುಲಾಯ್ಡ್ ಕೊಳೆಯುತ್ತಾ ಆಮ್ಲ ಉಗುಳುತ್ತದೆ, ಪಕ್ಕದಲ್ಲಿರುವ ಲೋಹವನ್ನು ತಿನ್ನುತ್ತದೆ.

ಅಡಿಭಾಗ: ಇಲ್ಲಿ ಆತುರ ಬೇಡವೇ ಬೇಡ

ಮೇಲೆ ಹೊಳೆಯುವ ಮರ ನೋಡಿ ಮರುಳಾಗುವವರೇ ಹೆಚ್ಚು. ವಾದಕನ ಮನಸ್ಸು ಇರುವುದು ಅಡಿಯಲ್ಲಿ. ಮೆತ್ತನೆಯ ಹತ್ತಿಬಟ್ಟೆ ಹಾಸಿದ ಮೇಜಿನ ಮೇಲೆ ವಾದ್ಯವನ್ನು ಬೋರಲು ಮಲಗಿಸಿ, ಒಂದು ಸ್ಕ್ರೂವನ್ನೂ ಸಡಿಲಿಸುವ ಮೊದಲು, ಚಿತ್ರಗಳನ್ನು ತೆಗೆಯಿರಿ: ಮೇಲಿನಿಂದ, ಎರಡೂ ತುದಿಗಳಿಂದ, ಪ್ರತಿ ಅಡ್ಡದಂಡದ ಹತ್ತಿರದಿಂದ. ಆಮೇಲೆ ಕಾಗದದ ಮೇಲೆ ಪಟ್ಟಿ ಬರೆಯಿರಿ. ಯಾವ ಪೆಡಲಿನಿಂದ ಯಾವ ಸರಳು ಹೊರಟು ಯಾವ ತಂತಿಗೆ ಹೋಗಿದೆ, ಪೆಡಲಿನ ಎಳೆತವನ್ನು ಸರಳಿಗೆ ದಾಟಿಸುವ ಬೆಲ್‌ಕ್ರ್ಯಾಂಕಿನ ಎಷ್ಟನೆಯ ತೂತಿನಲ್ಲಿ ಕೂತಿದೆ, ಏರಿಸುತ್ತದೋ ಇಳಿಸುತ್ತದೋ, ಎಲ್ಲವೂ ಅದರಲ್ಲಿರಬೇಕು. ಸ್ಟೀಲ್ ವಾದಕರು ಕೋಪೆಡೆಂಟ್ ಎಂದು ಕರೆಯುವ ಪಟ್ಟಿ ಇದೇ. ತಂತಿಗಳೆಲ್ಲ ಹೋಗಿದ್ದರೂ ಸರಳುಗಳನ್ನು ಓದಬಲ್ಲವನಿಗೆ ಆ ವಾದಕ ಏನನ್ನು ಎಲ್ಲಿಗೆ ಎಳೆಯುತ್ತಿದ್ದ ಎಂಬುದು ಬಹುಪಾಲು ತಿಳಿದುಬಿಡುತ್ತದೆ.

ಪಟ್ಟಿ ಮಾಮೂಲಿಗೆ ಹೊಂದದಿದ್ದರೆ ‘ಸರಿಪಡಿಸ’ಬೇಡಿ. ಈ ಸೂಚನೆಯಲ್ಲಿ ಒಂದೇ ಸಾಲು ನೆನಪಿಡುವವರು ಇದನ್ನು ಇಟ್ಟುಕೊಳ್ಳಿ. ನ್ಯಾಶ್‌ವಿಲ್ಲಿನ ಇ9 ಶ್ರುತಿಯಲ್ಲಿ ಎ ಪೆಡಲ್ ಬಿ ಸ್ವರವನ್ನು ಸಿ ಶಾರ್ಪ್‌ಗೆ, ಬಿ ಪೆಡಲ್ ಜಿ ಶಾರ್ಪನ್ನು ಎಗೆ ಏರಿಸುತ್ತದೆ. ಎ, ಬಿ, ಸಿ ಎಡದಿಂದ ಬಲಕ್ಕೆ ಬರುತ್ತವೆ. ಜಿಮ್ಮಿ ಡೇ ಇಟ್ಟುಕೊಂಡದ್ದು ಇದರ ತಿರುಗುಮುರುಗು. ಇವತ್ತಿಗೂ ‘ಡೇ ಸೆಟಪ್’ ಎಂದೇ ಅದು ಚಾಲ್ತಿಯಲ್ಲಿದೆ. ಅಂಥ ವಾದ್ಯ ಕೈಗೆ ಬಂದಾಗ ಯಾರೋ ಉಲ್ಟಾ ಜೋಡಿಸಿದ್ದಾರೆ ಎಂದುಕೊಂಡು ತಿರುಗಿಸಿದರೆ ವಾದಕನ ಪಾದದ ಅಭ್ಯಾಸವನ್ನೇ ಒರೆಸಿಹಾಕಿದಂತೆ.

ವಾದಕ ಲಾಯ್ಡ್ ಗ್ರೀನ್ ಅವರ ಹೆಸರಿಗೆ ಅಂಟಿಕೊಂಡು ಶೋ-ಬಡ್ ಕಂಪನಿಯಿಂದ ಹೊರಬಂದ ಎಲ್‌ಡಿಜಿ ಮಾದರಿಯನ್ನೇ ನೋಡಿ. ಒಡಲು ಎರಡು ನೆಕ್ (ತಂತಿಗಳ ಸಾಲು) ಹಿಡಿಯುವಷ್ಟು ಅಗಲ, ಇರುವುದು ಒಂದೇ ನೆಕ್, ಇನ್ನೊಂದರ ಜಾಗದಲ್ಲಿ ಕೈಯೂರಲು ಮೆತ್ತೆ. ತಿಳಿಯದವರ ಕಣ್ಣಿಗೆ ಅಲ್ಲೊಂದು ನೆಕ್ ಕಳೆದುಹೋಗಿದೆ! ಸ್ನೀಕಿ ಪೀಟ್ ಕ್ಲೈನೋ, ಊರೆಲ್ಲ ಹತ್ತು ತಂತಿಯ ಹಿಂದೆ ಹೋದಾಗಲೂ, ಎಂಟು ತಂತಿಯ ಫೆಂಡರ್‌ಗೇ ಅಂಟಿಕೊಂಡು ಇ9 ಬಿಟ್ಟು ಬೇರೆಯದೇ ಶ್ರುತಿಯಲ್ಲಿ ಫ್ಲೈಯಿಂಗ್ ಬರಿಟೊ ಬ್ರದರ್ಸ್ ತಂಡದಲ್ಲಿ ನುಡಿಸಿದರು. ಬಡ್ಡಿ ಎಮ್ಮನ್ಸ್ ಐಸಾಕ್ಸ್‌ರ ಒಂದು ಪೆಡಲಿನ ಕೆಲಸವನ್ನು ಎರಡು ಪೆಡಲಿಗೆ ಹಂಚಿದರು, 1962ರಲ್ಲಿ ಮೇಲ್ತುದಿಗೆ ಎರಡು ತಂತಿಗಳನ್ನು ಸೇರಿಸಿದರು. ಇಂದಿನ ಇ9 ನಿಂತಿರುವುದೇ ಅದರ ಮೇಲೆ. ನೀವು ‘ಹೊಂದುತ್ತಿಲ್ಲ’ ಎಂದು ಕಿತ್ತುಹಾಕಲು ಹೊರಟ ಸರಳು ಅಂಥದೊಂದು ಪ್ರಯೋಗದ ಉಳಿಕೆಯಾಗಿರಬಹುದು.

ಬಾಗಿದ ಸರಳನ್ನು ನೆಟ್ಟಗೆ ಮಾಡಬೇಡಿ. ಪಕ್ಕದ ಸರಳಿಗೋ ಅಡ್ಡದಂಡಕ್ಕೋ ತಾಗದಿರಲಿ ಎಂದು ಬೇಕೆಂದೇ ಬಾಗಿಸುವುದುಂಟು. ಏನನ್ನೂ ಮಾಡದ ಖಾಲಿ ತೂತನ್ನು ಮುಚ್ಚಬೇಡಿ. ಹಿಂದೆ ಅಲ್ಲೊಂದು ಲಿವರ್ ಇದ್ದಿರಬಹುದು. ಪೆಡಲ್ ಸರಳುಗಳ ಉದ್ದ, ಕಾಲುಗಳ ಉದ್ದ ಅಳೆದು ಬರೆದುಕೊಳ್ಳಿ. ಆ ಮನುಷ್ಯ ಎಷ್ಟೆತ್ತರದಲ್ಲಿ ಕೂತು ನುಡಿಸುತ್ತಿದ್ದ ಎಂಬುದು ಅದರಲ್ಲಿದೆ. ಹೊಸ ಮೊಣಕಾಲ ಲಿವರ್ ಸೇರಿಸುವುದು ಪೂರ್ತಿ ನಿಷಿದ್ಧ. ಅದು ಬೇಕಿದ್ದರೆ ಹೊಸ ವಾದ್ಯ ಕೊಳ್ಳಿ.

ಎಮ್ಮನ್ಸ್ ಅವರು ರಾನ್ ಲ್ಯಾಶ್ಲಿ ಜೊತೆ 1963ರಲ್ಲಿ ಆರಂಭಿಸಿದ ಕಂಪನಿಯ ಪುಶ್-ಪುಲ್ ಮಾದರಿ ನಿಮ್ಮದಾದರೆ ಇನ್ನೂ ಬಿಗಿ ಎಚ್ಚರ ಬೇಕು. ಅದರಲ್ಲಿ ಏರಿಸುವಾಗ ಸರಳು ಎಳೆಯುತ್ತದೆ, ಇಳಿಸುವಾಗ ತಳ್ಳುತ್ತದೆ. ಸರಳಿನ ಮೇಲೆ ಕಾಲರುಗಳು ಕೂತಿರುವ ಜಾಗವೇ ಲೆಕ್ಕ. ಒಂದು ಕಾಲರ್ ಜರುಗಿಸಿ ‘ನೋಡೋಣ’ ಎಂದವರು ದಿನಗಟ್ಟಲೆ ನೋಡುತ್ತಲೇ ಇರುತ್ತಾರೆ. ಈ ಮಾದರಿಯನ್ನು ಬಲ್ಲವರು ಸಿಗುವವರೆಗೆ ಬಟ್ಟೆ ಮುಚ್ಚಿಡಿ. ಫೆಂಡರ್ 400, 1000 ಮಾದರಿಗಳಲ್ಲಿ ಸರಳುಗಳ ಬದಲು ಕೇಬಲ್, ರಾಟೆಗಳಿವೆ. ಎಳೆ ಬಿಚ್ಚಿದ ಕೇಬಲನ್ನು ಬದಲಿಸಬಹುದು, ಹಳೆಯದರ ಉದ್ದವನ್ನು ಅಳೆದ ಮೇಲೆ.

ಲೋಹ, ಸ್ಕ್ರೂ, ಎಣ್ಣೆ

ಈ ವಾದ್ಯಗಳ ಸ್ಕ್ರೂಗಳು ಅಮೆರಿಕದ ಇಂಚಿನ ಅಳತೆಯವು. ಒಂದು ಕಳೆದರೆ ನಮ್ಮ ಹಾರ್ಡ್‌ವೇರ್ ಅಂಗಡಿಯವರು ‘ಇದೇ ಸಾರ್’ ಎಂದು ಎಂ4 ಕೊಡುತ್ತಾರೆ. ಕಣ್ಣಿಗೆ ಅದು 8-32ರಂತೆಯೇ ಕಾಣುತ್ತದೆ. ಆದರೆ ಒಂದರ ಥ್ರೆಡ್‌ಗಳ ನಡುವೆ 0.7 ಮಿಲಿಮೀಟರ್, ಇನ್ನೊಂದರಲ್ಲಿ ಸುಮಾರು 0.79. ಎರಡು ಮೂರು ಸುತ್ತು ಸಲೀಸಾಗಿ ಹೋಗಿ ಕಚ್ಚುತ್ತದೆ. ಇನ್ನೂ ತಿರುಗಿಸಿದರೆ ಐವತ್ತು ಅರವತ್ತು ವರ್ಷದ ಅಲ್ಯೂಮಿನಿಯಂ ಥ್ರೆಡ್ ಪುಡಿಪುಡಿ. ಅಲೆನ್ ಕೀ ಕೂಡ ಇಂಚಿನದೇ ಇರಲಿ.

ಕೆಲವು ಹಳೆಯ ಶೋ-ಬಡ್‌ಗಳ ಒಳಭಾಗಗಳು ಸತು ಬೆರೆಸಿದ ಎರಕದವು, ಸುಲಭಕ್ಕೆ ಮುರಿಯುವಂಥವು. ಅವುಗಳಿಗೆ ಸುತ್ತಿಗೆ ತಾಗಿಸಬೇಡಿ, ಇಕ್ಕಳದಲ್ಲಿ ಹಿಚುಕಬೇಡಿ, ಆಮ್ಲದಲ್ಲಿ ಅದ್ದಬೇಡಿ. ಬಿರುಕು ಕಂಡರೆ ಅಚ್ಚು ತೆಗೆದು ಬದಲಿ ಭಾಗ ಮಾಡಿಸಿ, ಹಳೆಯದನ್ನು ಚೀಟಿ ಹಚ್ಚಿ ಕಾದಿಡಿ.

ಜಾಮ್ ಆಗಿರುವ ಕಡೆಗೆಲ್ಲ ಸ್ಪ್ರೇ ಹೊಡೆಯುವ ಚಟ ಬಿಡಿ. ಅದು ಮರದೊಳಗೂ ಇಳಿಯುತ್ತದೆ, ಆಮೇಲೆ ಧೂಳು ಹಿಡಿದು ಅಂಟಾಗುತ್ತದೆ. ಗ್ರೀಸ್ ಎಂದಿಗೂ ಬೇಡ. ಗಟ್ಟಿಯಾದ ಹಳೆಯ ಎಣ್ಣೆಯನ್ನು ನ್ಯಾಫ್ತಾ ತಾಗಿಸಿದ ಹತ್ತಿಯಿಂದ ತೆಗೆದು, ತಿರುಗುವ ಜಾಗಕ್ಕೆ ಸೂಜಿಯ ಮೊನೆಯಲ್ಲಿ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡಿ. ನ್ಯಾಫ್ತಾ ಹಿಡಿದಾಗ ಕಿಟಕಿ ತೆರೆದಿರಲಿ, ಬೆಂಕಿ ದೂರವಿರಲಿ. ಕ್ರೋಮ್ ಮತ್ತೆ ಹಾಕಿಸುವ ಮಾತೇ ಬೇಡ.

ಮರದ ಮೈ

ಮರು ಪಾಲಿಶ್ ಕೂಡದು. ಉಪ್ಪುಕಾಗದ ಕೂಡದು. ಹಳೆಯ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಹಳದಿಗೆ ತಿರುಗುತ್ತದೆ, ಸಣ್ಣಗೆ ಬಿರಿಯುತ್ತದೆ. ಅದು ವಯಸ್ಸು, ಕಾಯಿಲೆಯಲ್ಲ. ಕೈಯೂರಿ ಸವೆದ ಜಾಗ, ಸಿಗರೇಟಿನ ಸುಟ್ಟ ಗುರುತು, ಬೆಲ್ಟಿನ ಬಕಲ್ ಗೀಚಿದ ಗೆರೆ ಹಾಗೆಯೇ ಇರಲಿ. ಶುಚಿ ಮಾಡಲು ಬಟ್ಟಿ ಇಳಿಸಿದ ನೀರಿನಲ್ಲಿ ಒದ್ದೆ ಮಾಡಿ ಹಿಂಡಿದ ಹತ್ತಿ ಸಾಕು. ಅಸಿಟೋನ್, ಥಿನ್ನರ್, ಸ್ಪಿರಿಟ್ ಮೂರೂ ಈ ಲ್ಯಾಕರನ್ನು ಕರಗಿಸುತ್ತವೆ ಇಲ್ಲವೇ ಮೆತ್ತಗಾಗಿಸುತ್ತವೆ. ಅವು ಕೆಲಸದ ಕೋಣೆಯಲ್ಲೇ ಇರಬಾರದು. ರಬ್ಬರ್, ವಿನೈಲ್ ಹಾಸಿನ ಮೇಲೂ ವಾದ್ಯವನ್ನು ಮಲಗಿಸಬೇಡಿ. ಅದರೊಳಗಿನ ರಾಸಾಯನಿಕ ಲ್ಯಾಕರಿಗೆ ಇಳಿದು, ಕೆಲವೇ ವಾರಗಳಲ್ಲಿ ಹಾಸಿನ ಅಚ್ಚು ಮರದ ಮೇಲೆ ಮೂಡುತ್ತದೆ.

ಪಿಕಪ್

ಪಿಕಪ್ಪಿನೊಳಗಿನ ತಾಮ್ರದ ತಂತಿಯ ದಪ್ಪ ಸುಮಾರು 0.05ರಿಂದ 0.06 ಮಿಲಿಮೀಟರ್. ಉಗುರು ತಾಗಿದರೂ ತುಂಡು. ಸದ್ದು ಬರದಿದ್ದರೆ ಮೊದಲು ಜ್ಯಾಕ್, ಆಮೇಲೆ ವೈರ್, ಆಮೇಲೆ ಹೊರಗಿನ ಬೆಸುಗೆ ನೋಡಿ. ಬಹಳ ಸಲ ತಪ್ಪು ಅಲ್ಲೇ ಇರುತ್ತದೆ. ರೋಧ ಅಳೆದಾಗ ಕೋಣೆಯ ಉಷ್ಣತೆಯನ್ನೂ ಬರೆಯಿರಿ. ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ ತಾಮ್ರದ ರೋಧ ಸುಮಾರು ಶೇ. 4 ಏರುತ್ತದೆ, ಬೆಳಿಗ್ಗೆ 17 ಕಿಲೋಓಮ್ ತೋರಿಸಿದ್ದು ಸೆಕೆಯ ಮಧ್ಯಾಹ್ನ 17.7 ತೋರಿಸಿದರೆ ಗಾಬರಿ ಬೇಡ, ಪಿಕಪ್ಪನ್ನು ದೂರಲೂ ಬೇಡ.

ನಿಜಕ್ಕೂ ಸುರುಳಿ ತುಂಡಾಗಿದ್ದರೂ ಮರುಸುತ್ತಿಸಬೇಡಿ. ಈ ಮಾತಿಗೆ ಮುಖ ಸಿಂಡರಿಸುವ ಒಳ್ಳೆಯ ಕಸುಬುದಾರರೂ ಇದ್ದಾರೆ. ಮರುಸುತ್ತಿಸಿದರೆ ಅದೇ ಪಿಕಪ್ ಮತ್ತೆ ಹಾಡುತ್ತದೆ ಎನ್ನುವುದು ಅವರ ವಾದ. ಸಾಮಾನ್ಯ ವಾದ್ಯಕ್ಕೆ ಅದು ಸರಿ. ಇಲ್ಲಿ ಹಳೆಯ ಸುರುಳಿ ಎಷ್ಟು ಸುತ್ತು, ಎಷ್ಟು ಬಿಗಿ ಎಂಬುದು ಬಿಚ್ಚಿದ ಕ್ಷಣ ಹೋಗಿಬಿಡುತ್ತದೆ. ಅದೇ ಅಳತೆಯ ಬೇರೆ ಪಿಕಪ್ ಹಾಕಿ ನುಡಿಸಿ. ಮೂಲದ್ದನ್ನು ಆಯಸ್ಕಾಂತಗಳಿಂದ ದೂರ, ಹೆಸರು ಬರೆದ ಡಬ್ಬಿಯಲ್ಲಿಡಿ. ಹಳೆಯ ಬೆಸುಗೆಯಲ್ಲಿ ಸೀಸವಿದೆ, ಕೈ ತೊಳೆದು ಊಟಕ್ಕೆ ಕೂರಿ.

ತಂತಿ, ಚೇಂಜರ್

ಹತ್ತು ತಂತಿಗಳ ಒಟ್ಟು ಎಳೆತ ನೂರು ಕಿಲೋ ದಾಟುತ್ತದೆ. ಬಿಗಿದ ತಂತಿಯನ್ನು ಕತ್ತರಿಸಬೇಡಿ. ಎಲ್ಲವನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪ ಸಡಿಲಿಸಿ. ತೆಗೆದ ತಂತಿಗಳನ್ನು ಮೈಕ್ರೋಮೀಟರಿನಲ್ಲಿ ಅಳೆದು ಕ್ರಮಸಂಖ್ಯೆ ಹಾಕಿ ಇಟ್ಟುಕೊಳ್ಳಿ. ಇ9ರ ಮೂರನೆಯ ತಂತಿ, ಜಿ ಶಾರ್ಪ್, ಸಾಮಾನ್ಯವಾಗಿ 0.011 ಇಂಚಿನದು; ಮೊದಲು ಹರಿಯುವುದೂ ಅದೇ. ಅಲ್ಲಿ ಬೇರೆ ದಪ್ಪ ಸಿಕ್ಕರೆ ಬರೆದಿಟ್ಟುಕೊಂಡು ಹೊಸದನ್ನೂ ಅದೇ ದಪ್ಪದ್ದೇ ಹಾಕಿ.

ತಂತಿಗಳ ಶ್ರುತಿ ಬದಲಿಸುವ ಬಲತುದಿಯ ಚೇಂಜರಿನ ಅಲ್ಯೂಮಿನಿಯಂ ಬೆರಳುಗಳ ಮೇಲೆ ತಂತಿ ಕೊರೆದ ಗೀರುಗಳಿರುತ್ತವೆ. ಝೇಂಕಾರ ಬರುತ್ತಿದ್ದರೆ, ಅಥವಾ ಅಲ್ಲೇ ತಂತಿ ಮತ್ತೆ ಮತ್ತೆ ಹರಿಯುತ್ತಿದ್ದರೆ ಮಾತ್ರ ಬೆರಳುಗಳನ್ನು ನಯಗೊಳಿಸಿ, ಅದೂ ಗೀರು ಮಾಯುವಷ್ಟೇ. ತುದಿಯ ನೈಲಾನ್ ನಟ್ಟುಗಳು, ಸತ್ತ ಸ್ಪ್ರಿಂಗುಗಳು, ವಾಲ್ಯೂಮ್ ಪೆಡಲಿನೊಳಗಿನ ದಾರ ಸವೆಯುವುದಕ್ಕೇ ಇರುವ ವಸ್ತುಗಳು. ಧಾರಾಳವಾಗಿ ಬದಲಿಸಿ.

ಪೆಡಲ್ ಒತ್ತಿದಾಗ ಸಂಬಂಧವಿಲ್ಲದ ತಂತಿಯೊಂದು ಕೂದಲೆಳೆಯಷ್ಟು ಇಳಿಯುತ್ತದೆಯೇ? ಎಳೆತಕ್ಕೆ ಒಡಲು ಬಗ್ಗುವುದರಿಂದ ಹಾಗಾಗುತ್ತದೆ, ಹಳೆಯ ವಾದ್ಯಗಳಲ್ಲಿ ಇದು ಇದ್ದದ್ದೇ. ಎಷ್ಟು ಇಳಿಯಿತೆಂದು ಶ್ರುತಿಯಂತ್ರದಲ್ಲಿ ನೋಡಿ ಬರೆಯಿರಿ. ಅದನ್ನು ನಿಲ್ಲಿಸಲು ಅಡಿಗೆ ಕಬ್ಬಿಣದ ಪಟ್ಟಿ ಬಡಿಯುವವರಿಗೆ ಈ ಕೆಲಸ ಕೊಡಬೇಡಿ.

ಕೆಲಸ ಮುಗಿದ ಮೇಲೆ

ವಾದ್ಯವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮರೆಯಬೇಡಿ. ಇದು ಯಂತ್ರ, ಅಲುಗದಿದ್ದರೆ ಚೇಂಜರ್ ಕಚ್ಚಿಕೊಳ್ಳುತ್ತದೆ. ಆಗಾಗ ಪ್ರತಿ ಪೆಡಲ್, ಪ್ರತಿ ಲಿವರ್ ಒತ್ತಿ ಬಿಡಿ. ಬಲ್ಲವರು ಸಿಕ್ಕರೆ ನುಡಿಸಲು ಕೊಡಿ, ಆದರೆ ಅವರ ಕಾಲಿಗೆ ಹೊಂದುವಂತೆ ಪೆಡಲ್ ಎತ್ತರ ಬದಲಿಸಲು ಬಿಡಬೇಡಿ. ಸಾಗಿಸುವಾಗ ಕಾಲು, ಪೆಡಲ್ ಸರಳು ಎಲ್ಲಕ್ಕೂ ಅಂಕಿ ಹಚ್ಚಿ. ಅಂಟು ಟೇಪನ್ನು ಲ್ಯಾಕರಿಗೆ ತಾಗಿಸಬೇಡಿ.

ಮೆಕ್ಯಾನಿಕ್ ಬಿಲ್ಲಿನಲ್ಲಿ ‘ಸರ್ವಿಸ್’ ಎಂದು ಒಂದೇ ಪದ ಬರೆದು ಮುಗಿಸಕೂಡದು. ಏನು ತೆಗೆದರು, ಏನು ಹಾಕಿದರು, ಏನನ್ನು ಮುಟ್ಟದೆ ಬಿಟ್ಟರು ಎಂಬುದು ತಾರೀಖಿನೊಂದಿಗೆ ಸಾಲುಸಾಲಾಗಿ ಇರಬೇಕು. ಒಂದು ಪ್ರತಿ ವಾದ್ಯದ ಪೆಟ್ಟಿಗೆಯಲ್ಲಿ ಉಳಿಯಬೇಕು. ಹೊಸದಾಗಿ ಮಾಡಿಸಿದ ಪ್ರತಿ ಭಾಗದ ಕಣ್ಣಿಗೆ ಬೀಳದ ಮೈಯಲ್ಲಿ ಇಸವಿ ಕೆತ್ತಿರಲಿ, ಮುಂದೆ ಯಾರೂ ಅದನ್ನು ಮೂಲದ್ದೆಂದು ಮಾರದಂತೆ. ತೆಗೆದ ಭಾಗಗಳು, ಮುರಿದ ಸ್ಕ್ರೂವೂ ಸೇರಿ, ಮಾಲೀಕರ ಸ್ವತ್ತು. ಬಾಕಿ ಹಣ ಕೊಡುವ ಮುನ್ನ ಮಾಲೀಕರು ಚೀಲಗಳನ್ನು ಪಟ್ಟಿಗೆ ತಾಳೆಹಾಕಿ ಎಣಿಸಿಕೊಳ್ಳತಕ್ಕದ್ದು.